ವಿಐ: ಸ್ಮಾಲ್ ಐ ಒತ್ತಿದ್ರೆ ಅಕ್ಷರ ಒಂದು ಮನೆ ಹಿಂದೆ ಬೀಳುತ್ತೆ, ಆರೋ ಒತ್ತಿದ್ರೆ ಎ ಬಿ ಸಿ ಡಿ ಬರುತ್ತೆ

ಹೊಸಪರದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದೂರದ ಉಬುಂಟು (ಲಿನಕ್ಸ್) ಸರ್ವರ್ ಒಂದಕ್ಕೆ ಟರ್ಮಿನಲ್ ಮೂಲಕ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಕಾನ್ಫಿಗ್ ಫೈಲ್‌ಗಳನ್ನ ತಿದ್ದೋ ಕೆಲಸ. ಅಲ್ಲಿರೋ ಟೆಕ್ಸ್ಟ್ ಎಡಿಟರ್ ವಿಐ ಮಾತ್ರ, ಹೊಸ ಪ್ಯಾಕೇಜ್ ಹಾಕೋಕೆ ನನಗೆ ಅನುಮತಿ ಇಲ್ಲ. ಐ ಒತ್ತಿದ್ರೆ ಟೈಪ್ ಮಾಡಬಹುದು, ಎಸ್ಕೇಪ್ ಒತ್ತಿ :ಡಬ್ಲ್ಯೂಕ್ಯೂ ಅಂದ್ರೆ ಸೇವ್ ಆಗಿ ಹೊರಗೆ ಬರಬಹುದು, :ಕ್ಯೂ! ಅಂದ್ರೆ ಸೇವ್ ಮಾಡದೆ ಬರಬಹುದು. ಗೊತ್ತಿರೋದು ಇಷ್ಟೇ. ಎಡವುತ್ತಿರೋ ಜಾಗಗಳು:

1. ಸಾಲಿನ ಕೊನೆಯಲ್ಲಿ 808 ಅಂತಿದೆ, ಅದು 8080 ಆಗಬೇಕು. ಡಾಲರ್ ಕೀ ಒತ್ತಿ ಸಾಲಿನ ಕೊನೆಗೆ ಹೋಗಿ, ಐ ಒತ್ತಿ, 0 ಹೊಡೆದ್ರೆ 8008 ಆಗುತ್ತೆ. ಎಸ್ಕೇಪ್ ಒತ್ತಿದಾಗಲೆಲ್ಲ ಕರ್ಸರ್ ಒಂದು ಹೆಜ್ಜೆ ಎಡಕ್ಕೆ ಬೇರೆ ಸರಿಯುತ್ತೆ.

2. ಟೈಪ್ ಮಾಡ್ತಿರುವಾಗ ಮೇಲಿನ ಆರೋ ಒತ್ತಿದ್ರೆ ಕರ್ಸರ್ ಮೇಲೆ ಹೋಗೋ ಬದಲು ಹೊಸ ಸಾಲು ಹುಟ್ಟಿ ಅದರಲ್ಲಿ ಕ್ಯಾಪಿಟಲ್ ಎ ಕೂರುತ್ತೆ. ಕೆಳಗಿನದಕ್ಕೆ ಬಿ, ಬಲದ್ದಕ್ಕೆ ಸಿ, ಎಡದ್ದಕ್ಕೆ ಡಿ.

3. ಇನ್ನೊಂದು ಹಳೇ ಸೆಂಟ್‌ಒಎಸ್ 7 ಯಂತ್ರದಲ್ಲಿ ಪೂರ್ತಿ ವಿಮ್ (ವಿಐನ ಸುಧಾರಿತ ರೂಪ) ಇದೆ. ಅಲ್ಲಿ ಯಾಮಲ್ (ಕಾನ್ಫಿಗ್ ಬರೆಯೋ ಒಂದು ಶೈಲಿ) ತುಣುಕು ಪೇಸ್ಟ್ ಮಾಡಿದ್ರೆ ಪ್ರತಿ ಸಾಲೂ ಹಿಂದಿನದಕ್ಕಿಂತ ಬಲಕ್ಕೆ ಜರುಗಿ ಮೆಟ್ಟಿಲಿನ ಥರ ಆಗುತ್ತೆ.

4. ಕೆಲವು ಫೈಲ್‌ಗಳಲ್ಲಿ ಕಾಮೆಂಟ್ ಕನ್ನಡದಲ್ಲಿ ಬರೀಬೇಕು. ಕನ್ನಡ ಕೀಬೋರ್ಡ್ ಆನ್ ಇದ್ದಾಗ ಎಸ್ಕೇಪ್ ಆದಮೇಲೆ ಒಂದು ಕಮಾಂಡೂ ಕೇಳಲ್ಲ.

ಸ್ಮಾಲ್ ಐ, ಸ್ಮಾಲ್ ಎಲ್, ಒಂದರ ಅಂಕಿ ಮೂರೂ ಕೆಲವು ಫಾಂಟ್‌ನಲ್ಲಿ ಒಂದೇ ಥರ ಕಾಣುತ್ತೆ. ಅದಕ್ಕೇ ಕೀ ಹೆಸರನ್ನ ಬಾಯಲ್ಲಿ ಹೇಳೋ ಹಾಗೆ ಬರೆದಿದ್ದೀನಿ. ಉತ್ತರದಲ್ಲೂ ಹಾಗೇ ಬರೆದ್ರೆ ಉಪಕಾರ.

ಬೈಟೂಕಾಫಿ

ಮೊದಲನೆಯದಕ್ಕೆ ಉತ್ತರ ಕರ್ಸರ್ ಎಲ್ಲಿ ನಿಂತಿರುತ್ತೆ ಅನ್ನೋದರಲ್ಲಿದೆ. ನೋಟ್‌ಪ್ಯಾಡ್‌ನಂಥ ಎಡಿಟರ್‌ನಲ್ಲಿ ಕರ್ಸರ್ ಎರಡು ಅಕ್ಷರದ ನಡುವಿನ ಸಂದಿಯಲ್ಲಿರುತ್ತೆ. ವಿಐನ ನಾರ್ಮಲ್ ಮೋಡ್‌ನಲ್ಲಿ (ಒತ್ತಿದ ಕೀ ಕಮಾಂಡ್ ಆಗೋ ಸ್ಥಿತಿ) ಅದು ಒಂದು ಅಕ್ಷರದ ಮೇಲೆ ಕೂತಿರುತ್ತೆ. ಹಾಗೆ ಕೂತಾಗ ಎರಡು ಸಂದಿ ಸಿಗುತ್ತವೆ: ಅಕ್ಷರದ ಮುಂಚಿನದು, ಆಮೇಲಿನದು. ಸ್ಮಾಲ್ ಐ ಮುಂಚಿನ ಸಂದಿ ತೆರೆಯುತ್ತೆ, ಸ್ಮಾಲ್ ಎ ಆಮೇಲಿನದನ್ನ.

ಡಾಲರ್ ಒತ್ತಿದಾಗ ನೀವು 808ರ ಕೊನೆಯ 8ರ ಮೇಲೆ ನಿಂತಿದ್ದೀರಿ. ಐ ಅಂದ್ರೆ ಆ 8ಕ್ಕೆ ಮುಂಚೆ, ಹಾಗಾಗಿ 8008. ಎ ಅಂದಿದ್ರೆ 8080. ಅದಕ್ಕಿಂತ ಸುಲಭ: ಸಾಲಿನಲ್ಲಿ ಎಲ್ಲೇ ಇರಿ, ಕ್ಯಾಪಿಟಲ್ ಎ ಒತ್ತಿ. ನೇರ ಸಾಲಿನ ಕೊನೆಗೆ ಹೋಗಿ ಇನ್ಸರ್ಟ್ ಮೋಡ್ (ಟೈಪ್ ಮಾಡೋ ಸ್ಥಿತಿ) ತೆರೆಯುತ್ತೆ, ಡಾಲರ್ ಬೇಕಾಗೇ ಇಲ್ಲ. ಅದರ ಜೋಡಿ ಕ್ಯಾಪಿಟಲ್ ಐ, ಸಾಲಿನ ಮೊದಲ ಖಾಲಿಯಲ್ಲದ ಅಕ್ಷರಕ್ಕೆ ಮುಂಚೆ. ಸಾಲಿನ ಮುಂದೆ ನಾಲ್ಕು ಸ್ಪೇಸ್ ಇದ್ರೆ ಅವನ್ನ ದಾಟಿ ನಿಲ್ಲುತ್ತೆ, ಹ್ಯಾಶ್ ಹಾಕಿ ಕಾಮೆಂಟ್ ಮಾಡೋಕೆ ಇದೇ ಬೇಕು. ಸ್ಪೇಸ್‌ಗಳಿಗೂ ಮುಂಚೆ, ಮೊದಲ ಕಾಲಮ್‌ನಲ್ಲೇ ಬೇಕಾದ್ರೆ ವಿಮ್‌ನಲ್ಲಿ ಸ್ಮಾಲ್ ಜಿ, ಕ್ಯಾಪಿಟಲ್ ಐ.

ಎಸ್ಕೇಪ್ ಒತ್ತಿದಾಗ ಎಡಕ್ಕೆ ಸರಿಯೋದು ತಪ್ಪಲ್ಲ. ಇನ್ಸರ್ಟ್‌ನಲ್ಲಿ ಸಂದಿಯಲ್ಲಿದ್ದ ಕರ್ಸರ್ ಮತ್ತೆ ಯಾವುದಾದರೂ ಅಕ್ಷರದ ಮೇಲೆ ಕೂರಬೇಕು. ಸಾಲಿನ ಕೊನೆಯಲ್ಲಿ ಬಲಗಡೆ ಅಕ್ಷರವೇ ಇರಲ್ಲ, ಎಡಕ್ಕೆ ಹೋಗದೆ ವಿಧಿ ಇಲ್ಲ. ನಡುವಿನಲ್ಲೂ ಅದೇ ನಿಯಮ ಇಟ್ಟಿದ್ದಾರೆ. ಪರೀಕ್ಷೆ ಮಾಡಿ ನೋಡಿ: ಐ, ಎಸ್ಕೇಪ್, ಐ, ಎಸ್ಕೇಪ್ ಅಂತ ಒತ್ತುತ್ತಾ ಹೋದ್ರೆ ಕರ್ಸರ್ ಸಾಲಿನ ಮೊದಲವರೆಗೆ ನಡೆದು ಹೋಗುತ್ತೆ. ಎ, ಎಸ್ಕೇಪ್, ಎ, ಎಸ್ಕೇಪ್ ಅಂದ್ರೆ ಇದ್ದಲ್ಲೇ ಇರುತ್ತೆ. ಟೈಪ್ ಮಾಡ್ತಾ ಎದ್ದು ಬೇರೆ ಕಡೆ ನೋಡಿ ಬಂದು ಅದೇ ಜಾಗದಿಂದ ಮುಂದುವರಿಸಬೇಕಾದ್ರೆ ಸ್ಮಾಲ್ ಜಿ, ಸ್ಮಾಲ್ ಐ. ಕೊನೆಯ ಸಲ ಇನ್ಸರ್ಟ್ ನಿಂತ ಜಾಗಕ್ಕೇ ಕರ್ಕೊಂಡು ಹೋಗುತ್ತೆ.

ಉಳಿದದ್ದು ಓ ಜೋಡಿ. ಸ್ಮಾಲ್ ಓ ಈಗಿನ ಸಾಲಿನ ಕೆಳಗೆ ಹೊಸ ಸಾಲು, ಕ್ಯಾಪಿಟಲ್ ಓ ಮೇಲೆ. ಕ್ಯಾಪಿಟಲ್ ಎ ಒತ್ತಿ ಎಂಟರ್ ಹೊಡೆಯೋರು ಬಹಳ, ಅದು ಸ್ಮಾಲ್ ಓ ಮಾಡೋ ಕೆಲಸವೇ. ಆದ್ರೆ ಫೈಲ್‌ನ ಮೊದಲ ಸಾಲಿಗಿಂತ ಮೇಲೆ ಸೇರಿಸೋಕೆ ಸ್ಮಾಲ್ ಓ ಸಾಲದು, ಅಲ್ಲಿ ಕ್ಯಾಪಿಟಲ್ ಓ ಬೇಕೇ ಬೇಕು.

ಅಭ್ಯಾಸಕ್ಕೆ ನಮ್ಮ ಮೆಟ್ರೋ ಹಸಿರು ಮಾರ್ಗ ತಗೊಳ್ಳಿ. ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ, ನಾಲ್ಕು ಸಾಲು:

ಮೆಜೆಸ್ಟಿಕ್
ಕೆ.ಆರ್. ಮಾರುಕಟ್ಟೆ
ಲಾಲ್‌ಬಾಗ್
ಜಯನಗರ

ಇದರಲ್ಲಿ ಮೂರು ನಿಲ್ದಾಣ ಬಿಟ್ಟುಹೋಗಿವೆ. ಜಿ ಎರಡು ಸಲ ಒತ್ತಿ ಮೊದಲ ಸಾಲಿಗೆ ಬನ್ನಿ. ಸ್ಮಾಲ್ ಓ, ಚಿಕ್ಕಪೇಟೆ, ಎಸ್ಕೇಪ್. ಈಗ ಕರ್ಸರ್ ಚಿಕ್ಕಪೇಟೆ ಸಾಲಿನಲ್ಲಿದೆ. ಜೆ (ಒಂದು ಸಾಲು ಕೆಳಗೆ) ಎರಡು ಸಲ, ಲಾಲ್‌ಬಾಗ್ ಬರುತ್ತೆ. ಕ್ಯಾಪಿಟಲ್ ಓ, ನ್ಯಾಷನಲ್ ಕಾಲೇಜು, ಎಸ್ಕೇಪ್. ಕ್ಯಾಪಿಟಲ್ ಜಿ ಒತ್ತಿದ್ರೆ ಕೊನೆಯ ಸಾಲು ಜಯನಗರ. ಅಲ್ಲಿ ಕ್ಯಾಪಿಟಲ್ ಓ, ಸೌತ್ ಎಂಡ್ ಸರ್ಕಲ್, ಎಸ್ಕೇಪ್. ಸರಿಯಾಗಿ ಮಾಡಿದ್ರೆ ಏಳು ಸಾಲು, ಮೆಜೆಸ್ಟಿಕ್‌ನಿಂದ ದಕ್ಷಿಣಕ್ಕೆ ರೈಲು ನಿಲ್ಲೋ ಕ್ರಮದಲ್ಲೇ. ಒಂದು ಸಲವೂ ಆರೋ ಕೀ ಮುಟ್ಟದೆ ಮಾಡಿ, ಕೈಗೆ ಕೂರುತ್ತೆ.

ಎಸ್ಕೇಪ್_ಅಣ್ಣ

ಎರಡನೆಯದು ಉಬುಂಟುವಿನ ಹಳೇ ಕತೆ. ಅಲ್ಲಿ ವಿಐ ಅಂದ್ರೆ ಓಡೋದು ವಿಮ್ ಟೈನಿ. :ವರ್ಷನ್ ಹೊಡೆದು ನೋಡಿ, ಟೈನಿ ಅಥವಾ ಸ್ಮಾಲ್ ವರ್ಷನ್ ಅಂತ ಬರುತ್ತೆ. ಅದಕ್ಕೆ ಮೂಲ ವಿಐ ಥರಾನೇ ನಡ್ಕೋ ಅಂತ ಕಂಪ್ಯಾಟಿಬಲ್ ಮೋಡ್ ಹಾಕಿಟ್ಟಿರ್ತಾರೆ.

ಎ ಬಿ ಸಿ ಡಿ ಯಾಕೆ ಬರುತ್ತೆ ಅಂದ್ರೆ, ಆರೋ ಕೀ ಒತ್ತಿದಾಗ ಟರ್ಮಿನಲ್ ಕಳಿಸೋದು ಒಂದು ಅಕ್ಷರ ಅಲ್ಲ, ಮೂರು: ಎಸ್ಕೇಪ್, ಕ್ಯಾಪಿಟಲ್ ಓ, ಕ್ಯಾಪಿಟಲ್ ಎ. ಕಂಪ್ಯಾಟಿಬಲ್ ಮೋಡ್‌ನಲ್ಲಿ ಇನ್ಸರ್ಟ್‌ನಲ್ಲಿರುವಾಗ ಎಸ್ಕೇಪ್‌ನಿಂದ ಶುರುವಾಗೋ ಕೀಗಳನ್ನ ಗುರುತಿಸಲ್ಲ. ಹಾಗಾಗಿ ಮೂರನ್ನೂ ಬಿಡಿಬಿಡಿಯಾಗಿ ಓದುತ್ತೆ. ಎಸ್ಕೇಪ್ ಬಂತು, ಇನ್ಸರ್ಟ್‌ನಿಂದ ಆಚೆ. ಕ್ಯಾಪಿಟಲ್ ಓ ಬಂತು, ಮೇಲೆ ಹೊಸ ಸಾಲು. ಎ ಬಂತು, ಅಲ್ಲಿ ಎ ಟೈಪ್ ಆಯ್ತು. ನೀವು ಕಂಡದ್ದು ಅಕ್ಷರಶಃ ಇದೇ.

ಪ್ಯಾಕೇಜ್ ಹಾಕೋ ಅನುಮತಿ ಬೇಕಿಲ್ಲ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ .ವಿಮ್‌ಆರ್‌ಸಿ ಫೈಲ್ ಮಾಡಿ (ಹೆಸರಿನ ಮುಂದೆ ಚುಕ್ಕಿ ಇರಲೇಬೇಕು), ಇಷ್ಟು ಸಾಲು ಹಾಕಿ:

ಸೆಟ್ ನೋಕಂಪ್ಯಾಟಿಬಲ್
ಸೆಟ್ ಬ್ಯಾಕ್‌ಸ್ಪೇಸ್=2
ಸೆಟ್ ಶೋಮೋಡ್
ಸೆಟ್ ಟಿಟೈಮ್‌ಔಟ್ ಟಿಟೈಮ್‌ಔಟ್‌ಲೆನ್=50

(ಹಾಕುವಾಗ ಇಂಗ್ಲಿಷ್ ಸ್ಮಾಲ್ ಅಕ್ಷರದಲ್ಲಿ, ಸಮ ಚಿಹ್ನೆಯ ಆಚೀಚೆ ಸ್ಪೇಸ್ ಇಲ್ಲದೆ.)

ಮೊದಲ ಸಾಲು ಆರೋ ಸರಿಮಾಡುತ್ತೆ. ಅದರ ಜೊತೆ ಇನ್ನೊಂದೂ ಸರಿಹೋಗುತ್ತೆ: ಕಂಪ್ಯಾಟಿಬಲ್‌ನಲ್ಲಿ ಸ್ಮಾಲ್ ಯು (ಮಾಡಿದ್ದನ್ನ ರದ್ದು ಮಾಡೋ ಅನ್‌ಡೂ ಕೀ) ಎರಡು ಸಲ ಒತ್ತಿದ್ರೆ ಎರಡು ಹೆಜ್ಜೆ ಹಿಂದೆ ಹೋಗಲ್ಲ, ಮೊದಲ ಯು ಮಾಡಿದ್ದನ್ನೇ ಮತ್ತೆ ವಾಪಸ್ ತರುತ್ತೆ. ಗೊತ್ತಿಲ್ಲದೆ ಇದ್ರೆ ತಲೆ ಕೆಡುತ್ತೆ.

ಎರಡನೇ ಸಾಲು ಬ್ಯಾಕ್‌ಸ್ಪೇಸ್‌ಗೆ. ಅದಿಲ್ಲದಿದ್ರೆ ಈ ಸಲದ ಇನ್ಸರ್ಟ್‌ನಲ್ಲಿ ನೀವೇ ಹೊಡೆದ ಅಕ್ಷರ ಮಾತ್ರ ಅಳಿಸಬಹುದು. ಮೊದಲಿಂದ ಇದ್ದದ್ದರ ಹತ್ತಿರ ಬಂದು ನಿಂತುಬಿಡುತ್ತೆ, ಸಾಲು ದಾಟಿ ಹಿಂದೆಯೂ ಹೋಗಲ್ಲ. ಕೀಬೋರ್ಡ್ ಕೆಟ್ಟಿದೆ ಅಂದ್ಕೋತೀವಿ.

ಶೋಮೋಡ್ ಇದ್ರೆ ಕೆಳಗಿನ ಸಾಲಿನಲ್ಲಿ ಇನ್ಸರ್ಟ್ ಅಂತ ತೋರಿಸುತ್ತೆ. ಕಂಪ್ಯಾಟಿಬಲ್‌ನಲ್ಲಿ ಅದೂ ಇರಲ್ಲ, ಯಾವ ಮೋಡ್‌ನಲ್ಲಿದ್ದೀವಿ ಅಂತ ಊಹೆ ಮೇಲೆ ಬದುಕಬೇಕು. ಅನುಮಾನ ಬಂದ್ರೆ ಎಸ್ಕೇಪ್ ಎರಡು ಸಲ ಒತ್ತಿ, ನಾರ್ಮಲ್‌ನಲ್ಲಿ ಎಸ್ಕೇಪ್‌ನಿಂದ ಏನೂ ಹಾಳಾಗಲ್ಲ.

ಕೊನೇ ಸಾಲು ಸ್ವಲ್ಪ ಸೂಕ್ಷ್ಮ. ಆರೋ ಕೀ ಎಸ್ಕೇಪ್‌ನಿಂದ ಶುರುವಾಗೋದ್ರಿಂದ, ನೀವು ಬರೀ ಎಸ್ಕೇಪ್ ಒತ್ತಿದ್ರೂ ಹಿಂದೆ ಇನ್ನೇನಾದ್ರೂ ಬರುತ್ತಾ ಅಂತ ವಿಮ್ ಕಾಯುತ್ತೆ. ಮೂಲ ಲೆಕ್ಕದಲ್ಲಿ 1000 ಮಿಲಿಸೆಕೆಂಡ್, ಅಂದ್ರೆ ಪೂರ್ತಿ ಒಂದು ಸೆಕೆಂಡ್. ಎಸ್ಕೇಪ್ ಆದ ತಕ್ಷಣ ಕ್ಯಾಪಿಟಲ್ ಓ ಒತ್ತಿದಾಗ ಪರದೆ ತಡೆದು ನಿಂತ ಹಾಗೆ ಆಗೋದು ಇದಕ್ಕೇ. 50 ಸಾಕು, ನೆಟ್‌ವರ್ಕ್ ತೀರಾ ನಿಧಾನ ಇದ್ರೆ 100 ಇಡಿ. ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸೋ ಪ್ರೋಗ್ರಾಂ) ಒಳಗೆ ಕೂತಿದ್ರೆ ಅದೂ ತನ್ನ ಪಾಲಿಗೆ ಕಾಯುತ್ತೆ, ಬಹಳ ಕಾಲ ಅದರ ಡಿಫಾಲ್ಟ್ 500 ಮಿಲಿಸೆಕೆಂಡ್ ಇತ್ತು. ಅಲ್ಲಿ ಎಸ್ಕೇಪ್-ಟೈಮ್ 10ಕ್ಕೆ ಇಳಿಸಿ.

ಚುಕ್ಕಿಪ್ರಿಯ

ಆರೋ ಸರಿಮಾಡಿ ಕೊಟ್ಟಿದ್ದು ಒಳ್ಳೇದೇ. ಆದರೆ ಇನ್ಸರ್ಟ್ ಮೋಡ್‌ನಲ್ಲಿ ಆರೋ ಬಳಸಬೇಡಿ ಎಂದು ನಾನು ಹೇಳುತ್ತೇನೆ. ಮಡಿವಂತಿಕೆಯಿಂದಲ್ಲ, ಲೆಕ್ಕದಿಂದ.

ವಿಐನಲ್ಲಿ ಇನ್ಸರ್ಟ್ ಕಮಾಂಡ್ ಎಂದರೆ ಐ ಅಥವಾ ಎ ಎಂಬ ಒಂದು ಕೀ ಅಲ್ಲ. ಆ ಕೀ, ನೀವು ಹೊಡೆದ ಪಠ್ಯ, ಕೊನೆಯ ಎಸ್ಕೇಪ್, ಈ ಮೂರೂ ಸೇರಿ ಒಂದು ಕಮಾಂಡ್. ಮುಗಿಯಿತು ಎನ್ನುವುದು ಎಸ್ಕೇಪ್ ಬಿದ್ದಾಗಲೇ. ಇದನ್ನು ಹೀಗೆ ನೋಡಿದರೆ ಉಳಿದ ಎಷ್ಟೋ ನಡವಳಿಕೆ ತಾನಾಗಿ ಅರ್ಥವಾಗುತ್ತದೆ.

ಚುಕ್ಕಿ ಕೀ ಹಿಂದಿನ ಬದಲಾವಣೆಯನ್ನು ಮತ್ತೆ ಮಾಡುತ್ತದೆ. ಐದು ಸಾಲಿನ ಕೊನೆಗೆ ಅಲ್ಪವಿರಾಮ ಬೇಕು ಎನ್ನಿ. ಮೊದಲ ಸಾಲಿನಲ್ಲಿ ಕ್ಯಾಪಿಟಲ್ ಎ, ಅಲ್ಪವಿರಾಮ, ಎಸ್ಕೇಪ್. ಆಮೇಲೆ ಜೆ, ಚುಕ್ಕಿ, ಜೆ, ಚುಕ್ಕಿ, ಹೀಗೆ ನಾಲ್ಕು ಸಲ. ಕ್ಯಾಪಿಟಲ್ ಎ ಬದಲು ಡಾಲರ್ ಒತ್ತಿ ಸ್ಮಾಲ್ ಎ ಬಳಸಿದ್ದರೆ ಇದು ಕೆಡುತ್ತಿತ್ತು. ಡಾಲರ್ ಬರೀ ಚಲನೆ, ಅದು ಕಮಾಂಡ್‌ನ ಒಳಗೆ ಸೇರಿಲ್ಲ. ಮುಂದಿನ ಸಾಲಿನಲ್ಲಿ ಚುಕ್ಕಿ ಒತ್ತಿದಾಗ ಕರ್ಸರ್ ಇದ್ದ ಕಡೆಯೇ ಅಲ್ಪವಿರಾಮ ಬೀಳುತ್ತದೆ. ಕ್ಯಾಪಿಟಲ್ ಎ ಒಳಗೆ 'ಕೊನೆಗೆ ಹೋಗು' ಎನ್ನುವುದೂ ಅಡಗಿದೆ. ಕ್ಯಾಪಿಟಲ್ ಐ, ಕ್ಯಾಪಿಟಲ್ ಎ ಇರುವುದರ ನಿಜವಾದ ಲಾಭ ಇದು. ಒಂದು ಕೀ ಉಳಿಯುವುದು ಸಣ್ಣ ಮಾತು.

ಸಂಖ್ಯೆಯೂ ಹಾಗೆಯೇ. 40, ಐ, ಹೈಫನ್, ಎಸ್ಕೇಪ್ ಎಂದರೆ ನಲವತ್ತು ಹೈಫನ್‌ಗಳ ಗೆರೆ. ಎಸ್ಕೇಪ್ ಒತ್ತುವವರೆಗೆ ಪರದೆಯ ಮೇಲೆ ಒಂದೇ ಕಾಣುತ್ತದೆ, ಒತ್ತಿದ ಮೇಲೆ ಉಳಿದ ಮೂವತ್ತೊಂಬತ್ತು ಬರುತ್ತವೆ. ಗೊತ್ತಿಲ್ಲದೆ 8 ಒತ್ತಿ ಆಮೇಲೆ ಐ ಒತ್ತಿದ್ದರೆ, ಬರೆದ ಇಡೀ ಪ್ಯಾರಾ ಎಂಟು ಸಲ ಬಂದು ಬೀಳುವುದೂ ಇದರಿಂದಲೇ. ಯು ಒಮ್ಮೆ ಒತ್ತಿದರೆ ಹೋಗುತ್ತದೆ.

ಈಗ ಆರೋಗೆ ಬನ್ನಿ. ಇನ್ಸರ್ಟ್ ನಡುವೆ ಆರೋ ಒತ್ತಿದರೆ ಆ ಕಮಾಂಡ್ ಅಲ್ಲೇ ತುಂಡಾಗುತ್ತದೆ. ಸಂಖ್ಯೆ ಕೊಟ್ಟಿದ್ದರೆ ವ್ಯರ್ಥ. ಚುಕ್ಕಿ ಒತ್ತಿದರೆ ಆರೋ ಆದ ಮೇಲೆ ಹೊಡೆದದ್ದು ಮಾತ್ರ ಮರುಕಳಿಸುತ್ತದೆ. ಅನ್‌ಡೂ ಕೂಡ ಎರಡು ತುಂಡು. ಅದರ ಬದಲು ಎಸ್ಕೇಪ್ ಒತ್ತಿ, (ಎಡಕ್ಕೆ, ಕೆಳಗೆ, ಮೇಲೆ, ಬಲಕ್ಕೆ ಒಯ್ಯುವ) ಎಚ್, ಜೆ, ಕೆ, ಎಲ್‌ನಲ್ಲಿ ಸರಿದು, ಮತ್ತೆ ಒಳಗೆ ಹೋಗಿ. ಒಂದೇ ಒಂದು ನಾರ್ಮಲ್ ಕಮಾಂಡ್ ಬೇಕಿದ್ದರೆ ವಿಮ್‌ನಲ್ಲಿ ಕಂಟ್ರೋಲ್ + ಓ ಇದೆ: ಅದಾದ ಮೇಲೆ ಒಂದು ಕಮಾಂಡ್ ನಡೆಸಿ ತಾನೇ ಇನ್ಸರ್ಟ್‌ಗೆ ಮರಳುತ್ತದೆ.

ಎಚ್ ಜೆ ಕೆ ಎಲ್ ಯಾಕೆ ಎಂದು ಕೇಳುವವರಿಗೆ: ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ಇದನ್ನು ಬರೆಯುವಾಗ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ಗೆ ಬೇರೆ ಆರೋ ಕೀಗಳೇ ಇರಲಿಲ್ಲ. ಬಾಣದ ಗುರುತು ಅಚ್ಚಾಗಿದ್ದದ್ದು ಈ ನಾಲ್ಕು ಅಕ್ಷರಗಳ ಮೇಲೆ. ಅದರಲ್ಲಿ ಎಸ್ಕೇಪ್ ಇದ್ದದ್ದು ಇವತ್ತು ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಹತ್ತಿರ. ಈಗಿನ ಕೀಬೋರ್ಡ್‌ನಲ್ಲಿ ಅದು ಮೂಲೆ ಸೇರಿದೆ. ಕೈ ಎತ್ತಲು ಬೇಸರವಾದರೆ ಕಂಟ್ರೋಲ್ + ಎಡ ಚೌಕ ಕಂಸ ಒತ್ತಿ, ಟರ್ಮಿನಲ್‌ಗೆ ಎರಡೂ ಒಂದೇ ಸಂಕೇತ. ಕಂಟ್ರೋಲ್ + ಸಿ ಹಾಗಲ್ಲ. ಇನ್ಸರ್ಟ್‌ನಿಂದ ಹೊರಗೆ ತರುತ್ತದೆ, ಆದರೆ ನೀವು ಹೊಂದಿಸಿಟ್ಟ ಗಿಡ್ಡ ರೂಪಗಳು, ಅಂದರೆ ಅಬ್ರಿವಿಯೇಷನ್‌ಗಳು ಬಿಡಿಸಿಕೊಳ್ಳುವುದಿಲ್ಲ.

ಬೈಟೂಕಾಫಿ

ಚುಕ್ಕಿಪ್ರಿಯ ಅವರ ಮಾತಿಗೆ ಸಣ್ಣ ತಿದ್ದುಪಡಿ. ಒಂದು ಇನ್ಸರ್ಟ್ ಅಂದ್ರೆ ಒಂದು ಅನ್‌ಡೂ, ನಿಜ. ಹಾಗಾದ್ರೆ ಅರ್ಧ ಗಂಟೆ ಇನ್ಸರ್ಟ್‌ನಲ್ಲೇ ಕೂತು ಮೂವತ್ತು ಸಾಲು ಬರೆದು ಯು ಒತ್ತಿದ್ರೆ ಮೂವತ್ತೂ ಹೋಯ್ತು. ಗಾಬರಿ ಬೇಡ, ಕಂಟ್ರೋಲ್ + ಆರ್ ವಾಪಸ್ ತರುತ್ತೆ. ಆದ್ರೆ ಅಷ್ಟು ಹೊತ್ತು ಒಳಗೆ ಇರೋದೇ ತಪ್ಪು ಅಭ್ಯಾಸ. ಒಂದು ವಾಕ್ಯ ಅಥವಾ ಒಂದು ಬ್ಲಾಕ್ ಮುಗಿದ ಕೂಡಲೇ ಎಸ್ಕೇಪ್ ಒತ್ತಿ.

ಇದಕ್ಕೇ ಸೇರಿದ ಇನ್ನೊಂದು ಗುಂಡಿ: ಇನ್ಸರ್ಟ್‌ನಲ್ಲಿ ಕಂಟ್ರೋಲ್ + ಯು ಆ ಸಾಲಿನಲ್ಲಿ ಹೊಡೆದದ್ದೆಲ್ಲ ಅಳಿಸುತ್ತೆ. ಅಳಿದದ್ದು ಅದೇ ಇನ್ಸರ್ಟ್‌ನ ಭಾಗ ಆಗಿರೋದ್ರಿಂದ ಯು ಒತ್ತಿದ್ರೂ ಸಿಗಲ್ಲ. ಕಂಟ್ರೋಲ್ + ಡಬ್ಲ್ಯೂ ಒಂದು ಪದ ಅಳಿಸುತ್ತೆ, ಅದನ್ನ ರೂಢಿ ಮಾಡ್ಕೊಳ್ಳಿ, ಹಾನಿ ಕಡಿಮೆ. ಬಾಷ್ ಪ್ರಾಂಪ್ಟ್‌ನಲ್ಲೂ ಅದೇ ಕೀ ಅದೇ ಕೆಲಸ ಮಾಡುತ್ತೆ.

ಕೇಳದೆ ಇದ್ರೂ ಹೇಳಿಬಿಡ್ತೀನಿ, ಕಾನ್ಫಿಗ್ ತಿದ್ದೋರಿಗೆ ಐ, ಎಗಿಂತ ಜಾಸ್ತಿ ಬೇಕಾಗೋದು ಬದಲಿಸೋ ಕಮಾಂಡ್‌ಗಳು. 8080ನ 9090 ಮಾಡಬೇಕಾದ್ರೆ ಅಳಿಸಿ ಬರೀಬೇಡಿ. ಮೊದಲ 8ರ ಮೇಲೆ ನಿಂತು ಸ್ಮಾಲ್ ಸಿ, ಸ್ಮಾಲ್ ಡಬ್ಲ್ಯೂ, 9090, ಎಸ್ಕೇಪ್. ಸಿ ಡಬ್ಲ್ಯೂ ಪದದ ಕೊನೆವರೆಗೆ ಮಾತ್ರ ತಿನ್ನುತ್ತೆ, ಆಮೇಲಿನ ಸ್ಪೇಸ್ ಮುಟ್ಟಲ್ಲ. ಡಿ ಡಬ್ಲ್ಯೂ ಸ್ಪೇಸನ್ನೂ ತಿನ್ನುತ್ತೆ. ವಿಐನ ಹಳೇ ವಿಚಿತ್ರ ಇದು, ಆದ್ರೆ ಉಪಯೋಗದ ವಿಚಿತ್ರ. ಕಂಪ್ಯಾಟಿಬಲ್ ಮೋಡ್‌ನಲ್ಲಿ ಸಿ ಡಬ್ಲ್ಯೂ ಒತ್ತಿದಾಗ ಹಳೇ ಪದ ಅಲ್ಲೇ ಇದ್ದು ಅದರ ಕೊನೆಗೆ ಡಾಲರ್ ಗುರುತು ಕಾಣುತ್ತೆ. ಅದು ಫೈಲ್‌ಗೆ ಸೇರಲ್ಲ, ಎಲ್ಲಿವರೆಗೆ ಬದಲಾಗುತ್ತೆ ಅನ್ನೋ ಗಡಿಗುರುತು ಅಷ್ಟೇ.

ಕ್ಯಾಪಿಟಲ್ ಸಿ ಕರ್ಸರ್‌ನಿಂದ ಸಾಲಿನ ಕೊನೆವರೆಗೆ, ಕ್ಯಾಪಿಟಲ್ ಎಸ್ ಇಡೀ ಸಾಲು, ಸ್ಮಾಲ್ ಎಸ್ ಒಂದೇ ಅಕ್ಷರ. ಮೂರೂ ಅಳಿಸಿ ಇನ್ಸರ್ಟ್‌ಗೆ ಹೋಗ್ತವೆ. ಸ್ಮಾಲ್ ಆರ್ ಬೇರೆ ಜಾತಿ: ಒಂದು ಅಕ್ಷರ ಬದಲಿಸಿ ನಾರ್ಮಲ್‌ನಲ್ಲೇ ಉಳಿಯುತ್ತೆ, ಎಸ್ಕೇಪ್ ಬೇಡ. ಸ್ಪೇಸ್ ಮೇಲೆ ನಿಂತು ಆರ್, ಎಂಟರ್ ಅಂದ್ರೆ ಸಾಲು ಅಲ್ಲಿ ಎರಡಾಗುತ್ತೆ. ಕ್ಯಾಪಿಟಲ್ ಆರ್ ರಿಪ್ಲೇಸ್ ಮೋಡ್, ಹಳೇದರ ಮೇಲೆ ಬರ್ಕೊಂಡು ಹೋಗುತ್ತೆ. ಅದರಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದ್ರೆ ಅಳಿಸಲ್ಲ, ಮೂಲ ಅಕ್ಷರ ವಾಪಸ್ ಕೊಡುತ್ತೆ. ಕಾಲಮ್ ಜೋಡಿಸಿದ ಫೈಲ್‌ಗಳಿಗೆ ಇದಕ್ಕಿಂತ ಒಳ್ಳೇದಿಲ್ಲ.

ಮೆಟ್ಟಿಲು_ಮುರಿ

ಮೂರನೆಯದು, ಪೇಸ್ಟ್. ಸೆಂಟ್‌ಒಎಸ್ 7ರಲ್ಲಿರೋದು ವಿಮ್ 7.4. ಅದಕ್ಕೆ ಪೇಸ್ಟ್ ಯಾವುದು, ಕೈಯಲ್ಲಿ ಹೊಡೆದದ್ದು ಯಾವುದು ಗೊತ್ತಾಗಲ್ಲ. ಟರ್ಮಿನಲ್ ಎಲ್ಲವನ್ನೂ ವೇಗವಾಗಿ ಟೈಪ್ ಮಾಡಿದ ಹಾಗೆ ಕಳಿಸುತ್ತೆ. ಯಾರೋ ಆಟೋಇಂಡೆಂಟ್ ಆನ್ ಮಾಡಿಟ್ಟಿದ್ದಾರೆ. ಪ್ರತಿ ಎಂಟರ್‌ಗೂ ವಿಮ್ ಹಿಂದಿನ ಸಾಲಿನಷ್ಟು ಸ್ಪೇಸ್ ತಾನು ಹಾಕುತ್ತೆ, ಅದರ ಮೇಲೆ ನಿಮ್ಮ ತುಣುಕಿನಲ್ಲಿದ್ದ ಸ್ಪೇಸ್ ಬೇರೆ. ಎರಡೂ ಕೂಡಿ ಕೂಡಿ ಮೆಟ್ಟಿಲು. ಯಾಮಲ್‌ನಲ್ಲಿ ಸ್ಪೇಸೇ ಅರ್ಥ ಆಗಿರೋದ್ರಿಂದ ಸೇವ್ ಮಾಡಿದ್ರೆ ಸರ್ವಿಸ್ ಏಳಲ್ಲ.

ಕ್ರಮ ಹೀಗೆ: ಎಸ್ಕೇಪ್, :ಸೆಟ್ ಪೇಸ್ಟ್, ಎಂಟರ್. ಆಮೇಲೆ ಸ್ಮಾಲ್ ಓ ಒತ್ತಿ. ಕೆಳಗೆ ಇನ್ಸರ್ಟ್ ಪಕ್ಕ ಪೇಸ್ಟ್ ಅಂತ ತೋರಿಸಬೇಕು. ಈಗ ಪೇಸ್ಟ್ ಮಾಡಿ, ಎಸ್ಕೇಪ್, :ಸೆಟ್ ನೋಪೇಸ್ಟ್. ಕೊನೆಯದನ್ನ ಮರೆತ್ರೆ ಆಟೋಇಂಡೆಂಟ್, ಮ್ಯಾಪಿಂಗ್, ಅಬ್ರಿವಿಯೇಷನ್ ಯಾವುದೂ ಕೆಲಸ ಮಾಡಲ್ಲ. 'ನಿನ್ನೆವರೆಗೆ ಸರಿಯಿತ್ತು' ಅನ್ನೋ ಎಷ್ಟೋ ದೂರುಗಳ ಮೂಲ ಇದು. ವಿಮ್ 8ರಿಂದ ಈಚೆಗೆ ಬ್ರಾಕೆಟೆಡ್ ಪೇಸ್ಟ್ (ಪೇಸ್ಟ್ ಆದದ್ದನ್ನ ಟರ್ಮಿನಲ್ ಗುರುತು ಹಾಕಿ ಕಳಿಸೋದು) ಬಂದಿದೆ, ಟರ್ಮಿನಲ್ ಒಪ್ಪಿದ್ರೆ ಇದೇನೂ ಬೇಡ.

ಇದಕ್ಕಿಂತ ಅಪಾಯದ್ದು ಇನ್ಸರ್ಟ್‌ಗೆ ಹೋಗದೆ ಹಳೇ ವಿಮ್‌ನಲ್ಲಿ ಪೇಸ್ಟ್ ಮಾಡೋದು. ಬಂದ ಪ್ರತಿ ಅಕ್ಷರವೂ ಕಮಾಂಡ್ ಆಗುತ್ತೆ. ಐ, ಎ, ಓ, ಎಸ್ ಯಾವುದಾದ್ರೂ ಮೊದಲು ಬರೋವರೆಗೆ ಅಳಿಸೋದು, ನೆಗೆಯೋದು ಎಲ್ಲ ನಡೆಯುತ್ತೆ, ಅಲ್ಲಿಂದ ಉಳಿದದ್ದು ಪಠ್ಯವಾಗಿ ಬೀಳುತ್ತೆ. ಪೇಸ್ಟ್ ಮಾಡಿದ್ದರ ಮೊದಲ ಕೆಲವು ಅಕ್ಷರ ಕಾಣೆಯಾಗಿದ್ರೆ ಇದೇ ಆಗಿದೆ ಅಂತ ಅರ್ಥ. ಅಂಥಾ ಹೊತ್ತಲ್ಲಿ ಯು ನಂಬಬೇಡಿ, :ಇ! ಹೊಡೆಯಿರಿ. ಕೊನೆಯ ಸಲ ಸೇವ್ ಮಾಡಿದ ಸ್ಥಿತಿ ಡಿಸ್ಕ್‌ನಿಂದ ಬರುತ್ತೆ.

ತುಣುಕು ನೂರಾರು ಸಾಲಿದ್ರೆ ಪೇಸ್ಟೇ ಬೇಡ. ಎಸ್‌ಸಿಪಿಯಲ್ಲಿ ಫೈಲ್ ಕಳಿಸಿ, ವಿಐ ಒಳಗೆ :ಆರ್ ಅಂತ ಫೈಲ್ ಹೆಸರು ಕೊಡಿ. ಕರ್ಸರ್ ಇರೋ ಸಾಲಿನ ಕೆಳಗೆ ಪೂರ್ತಿ ಬಂದು ಕೂರುತ್ತೆ, ಒಂದು ಸ್ಪೇಸೂ ಹೆಚ್ಚುಕಡಿಮೆ ಇಲ್ಲದೆ. :0ಆರ್ ಅಂದ್ರೆ ಫೈಲ್‌ನ ಮೊದಲ ಸಾಲಿಗೂ ಮೇಲೆ, :$ಆರ್ ಅಂದ್ರೆ ಕೊನೆಗೆ. :ಆರ್ !ಡೇಟ್ ಅಂದ್ರೆ ಡೇಟ್ ಕಮಾಂಡ್‌ನ ಉತ್ತರ ಬರುತ್ತೆ, ಯಾವತ್ತು ತಿದ್ದಿದ್ದು ಅಂತ ಕಾಮೆಂಟ್‌ನಲ್ಲಿ ನಮೂದಿಸೋಕೆ ಚೆನ್ನ.

ಮೇಕ್‌ಫೈಲ್ (ಮೇಕ್ ಪ್ರೋಗ್ರಾಂ ಓದೋ ಫೈಲ್) ತಿದ್ದೋದಿದ್ರೆ ಒಂದು ಮಾತು. ಎಕ್ಸ್‌ಪಾಂಡ್‌ಟ್ಯಾಬ್ ಆನ್ ಇದ್ರೆ ಟ್ಯಾಬ್ ಒತ್ತಿದಾಗ ಸ್ಪೇಸ್ ಬೀಳುತ್ತೆ, ಮೇಕ್ 'ಸೆಪರೇಟರ್ ಇಲ್ಲ' ಅಂತ ಬೈಯುತ್ತೆ. ಕಂಟ್ರೋಲ್ + ವಿ ಒತ್ತಿ ಆಮೇಲೆ ಟ್ಯಾಬ್ ಒತ್ತಿದ್ರೆ ನಿಜವಾದ ಟ್ಯಾಬ್ ಸೇರುತ್ತೆ.

ಕಗಪ_ಕೀಲಿ

ನಾಲ್ಕನೆಯದಕ್ಕೆ ನಾನು. ಕನ್ನಡ ವಿನ್ಯಾಸ ಆನ್ ಇದ್ದಾಗ ಕೆ ಕೀ ಒತ್ತಿದರೆ ವಿಐಗೆ ತಲುಪುವುದು ಕೆ ಅಲ್ಲ, 'ಕ'. ಇನ್ಸರ್ಟ್‌ನಲ್ಲಿ ಅದು ಪಠ್ಯ, ಸರಿ. ನಾರ್ಮಲ್‌ನಲ್ಲಿ 'ಕ' ಎಂಬ ಕಮಾಂಡ್ ಇಲ್ಲ, ಆದ್ದರಿಂದ ಬೀಪ್. ಕಗಪ, ಇನ್‌ಸ್ಕ್ರಿಪ್ಟ್ ಯಾವುದಾದರೂ ಪಾಡು ಇದೇ.

ಎಸ್‌ಎಸ್‌ಎಚ್‌ನಲ್ಲಿ ಇದ್ದೀರಿ ಎಂದರೆ ಪರಿಹಾರ ನಿಮ್ಮ ಬೆರಳಲ್ಲೇ ಇದೆ: ಮೊದಲು ಇಂಗ್ಲಿಷ್‌ಗೆ ಬದಲಿಸಿ, ಆಮೇಲೆ ಎಸ್ಕೇಪ್. ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೂಪರ್ + ಸ್ಪೇಸ್. ಇನ್ಸರ್ಟ್ ಬಿಟ್ಟ ಕೂಡಲೇ ಐಬಸ್ (ಕೀಬೋರ್ಡ್ ಭಾಷೆ ನೋಡಿಕೊಳ್ಳುವ ಪ್ರೋಗ್ರಾಂ) ತಾನಾಗಿ ಇಂಗ್ಲಿಷ್‌ಗೆ ತಿರುಗುವಂತೆ ಆಟೋಕಮಾಂಡ್ ಬರೆಯುವ ಉಪಾಯ ಅಲ್ಲಲ್ಲಿ ಸಿಗುತ್ತದೆ. ಅದು ವಿಮ್ ಮತ್ತು ಐಬಸ್ ಒಂದೇ ಯಂತ್ರದಲ್ಲಿದ್ದರೆ ಮಾತ್ರ ನಡೆಯುತ್ತದೆ. ನಿಮ್ಮ ವಿಐ ಇರುವುದು ಸರ್ವರ್‌ನಲ್ಲಿ, ಕೀಬೋರ್ಡ್ ವಿನ್ಯಾಸ ಇರುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ. ಅದಕ್ಕೆ ಇದರ ಸುದ್ದಿ ಮುಟ್ಟುವುದಿಲ್ಲ.

ಪರದೆಯ ಮೇಲೆ ಒತ್ತಕ್ಷರ ಮುರಿದು ಕಂಡರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಚೌಕ ಮನೆ ಎಣಿಸಿ ಇಡುತ್ತದೆ, ಕನ್ನಡದ ಜೋಡಣೆ ಎಷ್ಟೋ ಟರ್ಮಿನಲ್‌ಗಳಿಗೆ ಬರುವುದಿಲ್ಲ. ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ನೋಡಿದರೆ ಸರಿಯಿರುತ್ತದೆ. ಎಡಿಟ್ ಮಾಡುವಾಗ ನೆನಪಿಡಬೇಕಾದ್ದು: 'ಕ್ಷ' ಎಂಬುದು ಕ, ಹಲಂತ, ಷ, ಮೂರು ಸಂಕೇತ. ಅಕ್ಷರ ಅಳಿಸುವ ಎಕ್ಸ್ ಒಮ್ಮೆ ಒತ್ತಿದರೆ ಕ ಮತ್ತು ಅದಕ್ಕಂಟಿದ ಹಲಂತ ಎರಡೂ ಹೋಗಿ ಷ ಉಳಿಯುತ್ತದೆ. ಗುಣಿತವನ್ನಷ್ಟೇ ತೆಗೆದು ಮೂಲಾಕ್ಷರ ಉಳಿಸಬೇಕಿದ್ದರೆ :ಸೆಟ್ ಡೆಲ್‌ಕಂಬೈನ್.

ಎಲ್ಲೋ ಒಂದೆರಡು ಅಕ್ಷರ ಬೇಕಿದ್ದರೆ ವಿನ್ಯಾಸ ಬದಲಿಸದೆಯೂ ಹಾಕಬಹುದು. ಇನ್ಸರ್ಟ್‌ನಲ್ಲಿ ಕಂಟ್ರೋಲ್ + ವಿ, ಸ್ಮಾಲ್ ಯು, ಆಮೇಲೆ ನಾಲ್ಕು ಅಂಕಿಯ ಯೂನಿಕೋಡ್ ಸಂಕೇತ. 0ಸಿ95 ಅಂದರೆ 'ಕ'. ಇರುವ ಅಕ್ಷರದ ಸಂಕೇತ ತಿಳಿಯಲು ಅದರ ಮೇಲೆ ನಿಂತು ಜಿ, ಎ. ಬೈಟ್‌ಗಳು ಬೇಕಾದರೆ ಜಿ, 8: 'ಕ' ಇದ್ದರೆ ಇ0 ಬಿ2 95 ಎಂದು ಮೂರು ಬೈಟ್ ತೋರಿಸುತ್ತದೆ.

ಇನ್ನು ಮೇಲೆ ಬಂದ ಲಾಲ್‌ಬಾಗ್ ಉದಾಹರಣೆ. ಅದನ್ನು ಕನ್ನಡದಲ್ಲಿ ಬರೆದು ವಿಮ್‌ನಲ್ಲಿ ತೆರೆದರೆ ಲ್ ಮತ್ತು ಬಾ ನಡುವೆ <200ಸಿ> ಎಂದು ಕಾಣುತ್ತದೆ. ಕಸ ಎಂದು ಅಳಿಸಬೇಡಿ. ಒತ್ತಕ್ಷರ ಆಗದಂತೆ ತಡೆಯುವ ಅಗೋಚರ ಸಂಕೇತ ಅದು, ತೆಗೆದರೆ ಲಾಲ್ಬಾಗ್ ಎಂದು ಬ ಒತ್ತಾಗಿ ಕೆಳಗೆ ಇಳಿಯುತ್ತದೆ. ಹುಡುಕುವಾಗಲೂ ಇದೇ ಕಾಡುತ್ತದೆ: ಫೈಲ್‌ನಲ್ಲಿ ಸಂಕೇತ ಇದ್ದು ನೀವು ಅದಿಲ್ಲದೆ ಹುಡುಕಿದರೆ 'ಸಿಗಲಿಲ್ಲ' ಎನ್ನುತ್ತದೆ. ಕೈಯಲ್ಲಿ ಹಾಕಬೇಕಿದ್ದರೆ ಕಂಟ್ರೋಲ್ + ವಿ, ಯು, 200ಸಿ.

ಹೊಸಪರದೆ

.ವಿಮ್‌ಆರ್‌ಸಿ ಹಾಕಿದ್ಮೇಲೆ ಆರೋ, ಬ್ಯಾಕ್‌ಸ್ಪೇಸ್ ಎರಡೂ ಸರಿಯಾಯ್ತು. 8080 ಕೂಡ ಕ್ಯಾಪಿಟಲ್ ಎನಲ್ಲಿ ಆಯ್ತು. ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಸಣ್ಣದು: ಸೇವ್ ಅಂತ ಕೈ ತಪ್ಪಿ ಕಂಟ್ರೋಲ್ + ಎಸ್ ಒತ್ತಿದ್ರೆ ಎಲ್ಲಾ ಸ್ತಬ್ಧ, ಎಸ್ಕೇಪೂ ಕೇಳಲ್ಲ. ಮತ್ತೆ ಪೂರ್ತಿ ವಿಮ್ ಇರೋ ಯಂತ್ರದಲ್ಲಿ ಕಾಮೆಂಟ್ ಸಾಲಿನ ಮೇಲೆ ನಿಂತು ಸ್ಮಾಲ್ ಓ ಒತ್ತಿದ್ರೆ ಹೊಸ ಸಾಲಿಗೂ ತಾನಾಗಿ ಹ್ಯಾಶ್ ಬರುತ್ತೆ.

ಎಸ್ಕೇಪ್_ಅಣ್ಣ

ಕಂಟ್ರೋಲ್ + ಎಸ್ ವಿಐಗೆ ಮುಟ್ಟೋದೇ ಇಲ್ಲ, ಟರ್ಮಿನಲ್ ಅದನ್ನ 'ಔಟ್‌ಪುಟ್ ನಿಲ್ಲಿಸು' ಅಂತ ಓದುತ್ತೆ. ಕಂಟ್ರೋಲ್ + ಕ್ಯೂ ಒತ್ತಿದ್ರೆ ಬಿಡುತ್ತೆ. ಹುಷಾರು, ಸ್ತಬ್ಧ ಆಗಿದ್ದಾಗ ನೀವು ಒತ್ತಿದ ಕೀಗಳೆಲ್ಲ ಒಳಗೆ ಸೇರ್ತಾ ಇರುತ್ತೆ, ಬಿಟ್ಟ ಕೂಡಲೇ ಅವೂ ನಡೆಯುತ್ತವೆ. ಹಾಗಾಗಿ ಸಿಟ್ಟಿನಲ್ಲಿ ಕೀಬೋರ್ಡ್ ಕುಟ್ಟಬೇಡಿ. ಶಾಶ್ವತವಾಗಿ ಬೇಡ ಅಂದ್ರೆ .ಬಾಷ್‌ಆರ್‌ಸಿಯಲ್ಲಿ ಎಸ್‌ಟಿಟಿವೈ -ಐಎಕ್ಸ್‌ಒಎನ್.

ಹ್ಯಾಶ್ ಬರೋದು ಪಠ್ಯ ಜೋಡಿಸೋ ಸೆಟಿಂಗ್ ಆದ ಫಾರ್ಮ್ಯಾಟ್‌ಆಪ್ಷನ್ಸ್‌ನ ಆರ್ ಮತ್ತು ಓ ಗುರುತುಗಳಿಂದ. ಓ ಗುರುತು ಸ್ಮಾಲ್ ಓ, ಕ್ಯಾಪಿಟಲ್ ಓ ಎರಡಕ್ಕೂ, ಆರ್ ಗುರುತು ಎಂಟರ್‌ಗೆ. :ಸೆಟ್ ಫಾರ್ಮ್ಯಾಟ್‌ಆಪ್ಷನ್ಸ್-=ಓ ಅಂತ ಒಂದು ಸಲ, -=ಆರ್ ಅಂತ ಇನ್ನೊಂದು ಸಲ ಕೊಡಿ. ಎರಡನ್ನೂ ಒಟ್ಟಿಗೆ ಕೊಟ್ರೆ, ಆ ಎರಡು ಅಕ್ಷರ ಅದೇ ಕ್ರಮದಲ್ಲಿ ಅಕ್ಕಪಕ್ಕ ಇದ್ರೆ ಮಾತ್ರ ತೆಗೆಯುತ್ತೆ. .ವಿಮ್‌ಆರ್‌ಸಿಯಲ್ಲಿ ಹಾಕಿದ್ರೂ ಹಿಡಿಯದೆ ಇರಬಹುದು, ಫೈಲ್‌ಟೈಪ್ ಪ್ಲಗಿನ್ ಆಮೇಲೆ ಬಂದು ಮತ್ತೆ ಸೇರಿಸಿಬಿಡುತ್ತೆ. ಸದ್ಯಕ್ಕೆ ಬಂದ ಹ್ಯಾಶ್ ತೆಗೆಯೋಕೆ ಕಂಟ್ರೋಲ್ + ಯು ಸಾಕು.

ಚುಕ್ಕಿಪ್ರಿಯ

ಇನ್ನೊಂದು ಬಾಕಿ ಇದೆ, ನೀವು ಕೇಳುವ ಮೊದಲೇ. ಕೆಳಗೆ 'ರೆಕಾರ್ಡಿಂಗ್' ಎಂದು ಕಂಡರೆ ಎಲ್ಲೋ ಕೀಗಳನ್ನು ದಾಖಲಿಸುವ ಸ್ಮಾಲ್ ಕ್ಯೂ ಒತ್ತಿದ್ದೀರಿ, ಇನ್ನೊಮ್ಮೆ ಕ್ಯೂ ಒತ್ತಿದರೆ ನಿಲ್ಲುತ್ತದೆ. ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದರೆ ಕ್ಯಾಪ್ಸ್ ಲಾಕ್ ಆನ್ ಇದೆ: ಕೆಳಗೆ ಹೋಗಲು ಒತ್ತಿದ ಜೆ ಕ್ಯಾಪಿಟಲ್ ಆಗಿ ಸಾಲು ಸೇರಿಸುತ್ತಿದೆ. ಕ್ಯಾಪ್ಸ್ ಆಫ್ ಮಾಡಿ, ಆಮೇಲೆ ಯು.